ಬೆಚ್ಚಗಿನ ಬಿಯರ್ ಬಗ್ಗೆ ಕೇಳಿದಿರಲ್ಲ

ಜನವರಿಯಲ್ಲಿ ಹೆಂಡತಿ ಜೊತೆ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದೀರಿ. ಶುಕ್ರವಾರ ಸಂಜೆಯಾದರೆ ಆಫೀಸಿನವರು ಪಬ್ಬಿಗೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಕೊಡುವ ಬಿಯರ್ ಬೆಚ್ಚಗಿರುತ್ತದೆ, ಗ್ಯಾಸೇ ಇರುವುದಿಲ್ಲ, ಇದಕ್ಕಿಂತ ಬೆಂಗಳೂರಿನ ಮೈಕ್ರೋಬ್ರೂವರಿಗಳೇ ವಾಸಿ ಅಂತ ಬರೆದಿದ್ದೀರಿ. ಒಳ್ಳೆಯ ಪಬ್ ಗುರುತಿಸುವುದು ಹೇಗೆ, ಮೀನು ಮಾಂಸ ಮುಟ್ಟದವರು ಅಲ್ಲಿ ಹೋಗಿ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಹೇಳುತ್ತೇನೆ. ಬಿಯರ್ ವಿಷಯ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ಕೊಟ್ಟಿದ್ದು ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದವಾಗುವ ಬಿಯರ್. ಕೌಂಟರ್ ಮೇಲೆ ಉದ್ದ ಹಿಡಿಕೆಗಳು ಇರುತ್ತವಲ್ಲ, ಅದನ್ನು ಎಳೆದೆಳೆದು ತುಂಬಿಸಿದ್ದರೆ ಅದೇ. ಇದು ಕಾರ್ಖಾನೆಯಿಂದ ಪೂರ್ತಿ ತಯಾರಾಗಿ ಬರುವುದಿಲ್ಲ. ಯೀಸ್ಟ್ ಜೀವಂತ ಇರುವಾಗಲೇ ಪೀಪಾಯಿಗೆ ತುಂಬಿ ಕಳಿಸುತ್ತಾರೆ. ಪಬ್ಬಿನ ನೆಲಮಾಳಿಗೆಯಲ್ಲಿ ಅದು ಇನ್ನೊಂದು ಸಲ ಹುದುಗುತ್ತದೆ. ಪೀಪಾಯಿಯನ್ನು ಅಡ್ಡ ಮಲಗಿಸಿ, ಮೇಲಿನ ತೂತಿಗೆ ಮೆತ್ತನೆಯ ಮರದ ಬೆಣೆ ಹೊಡೆಯುತ್ತಾರೆ. ಹೆಚ್ಚಿನ ಗ್ಯಾಸ್ ಆ ಬೆಣೆಯ ಮೂಲಕ ಬುಸುಗುಟ್ಟುತ್ತಾ ಹೊರಗೆ ಬರುತ್ತದೆ, ಸುತ್ತ ನೊರೆ ಉಕ್ಕುತ್ತದೆ. ಉಕ್ಕು ನಿಂತ ಮೇಲೆ ಗಟ್ಟಿ ಬೆಣೆ ಹಾಕಿ, ಗಸಿ ತಳಕ್ಕೆ ಕೂರಲು ಬಿಡುತ್ತಾರೆ. ಯಾವಾಗ ಬೆಣೆ ಬದಲಿಸಬೇಕು, ಯಾವಾಗ ನಲ್ಲಿ ಹಾಕಬೇಕು ಅನ್ನುವುದೆಲ್ಲ ನೆಲಮಾಳಿಗೆ ನೋಡಿಕೊಳ್ಳುವವರ ಕೈಗುಣ. ಒಂದೇ ಬ್ರೂವರಿಯ ಒಂದೇ ಏಲ್ ಒಂದು ಪಬ್ಬಲ್ಲಿ ಅಮೃತ, ಪಕ್ಕದ ಬೀದಿಯಲ್ಲಿ ಕಲಗಚ್ಚು ಆಗುವುದು ಇದಕ್ಕೇ.

ನೆಲಮಾಳಿಗೆ 11ರಿಂದ 13 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಾದರೆ ಹಾಪ್ಸ್ ಅನ್ನುವ ಹೂವಿನ ಘಮ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ಎರಡೂ ಮಂಕಾಗುತ್ತವೆ. ಅದಕ್ಕಿಂತ ಬೆಚ್ಚಗಿದ್ದರೆ ನಿಮ್ಮ ದೂರು ನ್ಯಾಯವಾದದ್ದೇ, ಆ ಪಬ್ಬಿನವರು ಸೋಮಾರಿಗಳು. ಗ್ಯಾಸ್ ಕೂಡ ಅಷ್ಟೆ. ಪೂರ್ತಿ ಚಪ್ಪೆ ಇದ್ದರೆ ತಪ್ಪು, ನಾಲಿಗೆ ಮೇಲೆ ಸಣ್ಣಗೆ ಚುರುಗುಟ್ಟಬೇಕು.

ಪೀಪಾಯಿಯಿಂದ ಬಿಯರ್ ಎಳೆದಷ್ಟೂ ಒಳಗೆ ಗಾಳಿ ಸೇರುತ್ತದೆ. ತೆರೆದ ಮೇಲೆ ಹೆಚ್ಚೆಂದರೆ ಮೂರು ದಿನ ಚೆನ್ನಾಗಿರುತ್ತದೆ. ಬೆಳಗ್ಗೆ ಇಳಿಸಿದ ಹೆಂಡ ಸಂಜೆಗೆ ಹುಳಿಯಾಗುತ್ತದಲ್ಲ, ಅದೇ ಕಥೆ, ಸ್ವಲ್ಪ ನಿಧಾನ. ಸಾಮಾನ್ಯವಾಗಿ ಬರುವ ಪೀಪಾಯಿ 9 ಗ್ಯಾಲನ್ನಿನದು, ಅಂದರೆ 72 ಪೈಂಟ್. ಒಂದು ಪೈಂಟ್ 568 ಮಿ.ಲೀ. ಈಗ ಲೆಕ್ಕ ಹಾಕಿ. ಮೂರು ದಿನದಲ್ಲಿ ಖಾಲಿಯಾಗಬೇಕಾದರೆ ಒಂದೊಂದು ಹಿಡಿಕೆಯಿಂದಲೂ ದಿನಕ್ಕೆ 24 ಪೈಂಟ್ ಹೋಗಬೇಕು. ಹತ್ತು ಹಿಡಿಕೆ ಸಾಲಾಗಿ ನಿಲ್ಲಿಸಿಕೊಂಡು, ಮಂಗಳವಾರ ಸಂಜೆ ಆರು ಜನ ಕೂತಿರುವ ಪಬ್ಬಿನಲ್ಲಿ ಇದು ಆಗುವ ಮಾತಾ? ಅದಕ್ಕೇ ನಾನು ಒಳಗೆ ಕಾಲಿಟ್ಟ ಕೂಡಲೇ ಮೊದಲು ಹಿಡಿಕೆ ಎಣಿಸುತ್ತೇನೆ, ಆಮೇಲೆ ತಲೆ ಎಣಿಸುತ್ತೇನೆ. ಮೂರು ಹಿಡಿಕೆ, ತುಂಬಿದ ಮನೆ: ಕೂತುಕೊಳ್ಳಿ. ಗೋಡೆ ಮೇಲೆ ಎಷ್ಟು ಪ್ರಶಸ್ತಿ ಪತ್ರ ತೂಗುಹಾಕಿದ್ದಾರೆ ಅನ್ನುವುದು ಆಮೇಲಿನ ಮಾತು.

ಇನ್ನು ಗ್ಲಾಸು ಕೈಗೆ ಬಂದ ಮೇಲೆ. ಬೆಳಕಿಗೆ ಹಿಡಿದರೆ ತಿಳಿಯಾಗಿರಬೇಕು, ಬೇಕೆಂದೇ ಮಬ್ಬಾಗಿ ಮಾಡಿದ್ದರೆ ಮೊದಲೇ ಹೇಳಿರುತ್ತಾರೆ. ವಿನೆಗರ್ ವಾಸನೆ ಬಂದರೆ ಹಳೆಯದು. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೂ ಏನೋ ಎಡವಟ್ಟಾಗಿದೆ. ಕುಡಿಯುತ್ತಾ ಹೋದ ಹಾಗೆ ನೊರೆ ಗ್ಲಾಸಿನ ಒಳಗೆ ಬಳೆ ಬಳೆಯಾಗಿ ಅಂಟಿಕೊಂಡು ಉಳಿದರೆ ಗ್ಲಾಸು ಚೊಕ್ಕಟ ಇದೆ ಅಂತ ಅರ್ಥ. ಕೆಟ್ಟಿದ್ದರೆ ಸುಮ್ನೆ ಕುಡಿದು ಬರಬೇಡಿ. ಕೌಂಟರಿಗೆ ತೆಗೆದುಕೊಂಡು ಹೋಗಿ, ಮೆತ್ತಗೆ, ಇದು ಸ್ವಲ್ಪ ಹುಳಿ ಅನಿಸುತ್ತಿದೆ ಅಂದರೆ ಸಾಕು. ಒಳ್ಳೆಯ ಪಬ್ಬಿನವರು ತಾವೂ ಮೂಸಿ ನೋಡಿ, ಬೇರೆ ಕೊಟ್ಟು, ಆ ಹಿಡಿಕೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಹಿಂದುಮುಂದು ತಿರುಗಿಸಿಬಿಡುತ್ತಾರೆ. ಆ ಬಿಯರ್ ಸದ್ಯಕ್ಕಿಲ್ಲ ಅಂತ ಅದರ ಸೂಚನೆ. ಒಂದು ಕಡೆ ನನಗೆ, ಇದರ ರುಚಿಯೇ ಹೀಗೆ ಸಾರ್, ನಿಮಗೆ ಅಭ್ಯಾಸ ಇಲ್ಲ ಅಂದರು. ಆ ಕಡೆ ಮತ್ತೆ ಹೋಗಿಲ್ಲ. ಕೊಳ್ಳುವ ಮುಂಚೆ ಒಂದು ಗುಟುಕು ರುಚಿ ನೋಡಲು ಕೇಳಬಹುದು, ಅದು ಇಲ್ಲಿ ಮಾಮೂಲು. ಹಿಂದೆ ಜನ ನಿಂತಿರುವಾಗ ನಾಲ್ಕು ಥರ ರುಚಿ ನೋಡುತ್ತಾ ನಿಲ್ಲಬೇಡಿ, ಅಷ್ಟೆ.

ಈ ಏಲ್ ಒಂದು ಕಾಲದಲ್ಲಿ ಹೋಗಿಯೇಬಿಡುತ್ತಿತ್ತು. 60ರ ದಶಕದಲ್ಲಿ ದೊಡ್ಡ ಬ್ರೂವರಿಗಳು ಚಿಕ್ಕವನ್ನು ನುಂಗಿ, ಸೋಸಿ ಗ್ಯಾಸ್ ತುಂಬಿದ ಕೆಗ್ ಬಿಯರ್ ಅನ್ನೇ ಎಲ್ಲ ಕಡೆ ತುಂಬಿಸತೊಡಗಿದವು. ಅದನ್ನು ಕಾಪಾಡುವ ಕೆಲಸವೇ ಬೇಡ, ಅವರಿಗೆ ಸಲೀಸು. ತಲೆಕೆಟ್ಟ ನಾಲ್ಕು ಜನ ಹುಡುಗರು 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋದಾಗ ಇದರ ವಿರುದ್ಧ ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ, ಈಗಿನ ಪೂರ್ತಿ ಹೆಸರು ಕ್ಯಾಂಪೇನ್ ಫಾರ್ ರಿಯಲ್ ಏಲ್. ಬಿಯರ್ ಕುಡಿಯುವವರು ಸಂಘ ಕಟ್ಟಿ ಗೆದ್ದ ಉದಾಹರಣೆ ಬೇರೆಲ್ಲೂ ನಾನು ಕೇಳಿಲ್ಲ.

ಲೀಡ್ಸ್ ಇರುವ ಯಾರ್ಕ್‌ಷೈರಿಗೆ ಬಂದಿದ್ದೀರಿ, ಆದ್ದರಿಂದ ಒಂದು ಜಗಳ ನಿಮ್ಮ ಪಾಲಿಗೂ ಬಂತು. ಇಲ್ಲಿ ನಳಿಕೆಯ ತುದಿಗೆ ಸಣ್ಣ ತೂತುಗಳ ಒಂದು ಬಿರಡೆ ಸಿಕ್ಕಿಸುತ್ತಾರೆ, ಸ್ಪಾರ್ಕ್ಲರ್ ಅಂತ. ಬಿಯರ್ ಅದರಿಂದ ನುಗ್ಗಿ ಬಂದು ಕೆನೆಯಂಥ ದಪ್ಪ ನೊರೆ ಕಟ್ಟುತ್ತದೆ. ಲಂಡನ್ ಕಡೆಯವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ಕಹಿಯೆಲ್ಲ ನೊರೆಗೆ ಹೋಯಿತು ಅನ್ನುತ್ತಾರೆ. ನಾನು ಬಿರಡೆಯ ಪಕ್ಷ. ಕೀತ್ಲಿಯಲ್ಲಿ ತಯಾರಾಗುವ ಟಿಮೊತಿ ಟೇಲರ್ ಬ್ರೂವರಿಯ ಲ್ಯಾಂಡ್‌ಲಾರ್ಡ್ ಏಲ್ ಅನ್ನು ಆ ಕೆನೆ ಇಲ್ಲದೆ ಕುಡಿಯಲು ನನಗೆ ಮನಸ್ಸು ಬರುವುದಿಲ್ಲ. ಆಲ್ಕೋಹಾಲ್ 4.3 ಶೇಕಡಾ, ಒಂದು ಸಂಜೆಗೆ ಹೇಳಿ ಮಾಡಿಸಿದ್ದು. ಅದರಿಂದಲೇ ಶುರು ಮಾಡಿ.

ಎಲ್ಲಿ ಅಂದರೆ, ನಿಮ್ಮ ಊರಲ್ಲೇ ವೈಟ್‌ಲಾಕ್ಸ್ ಅನ್ನುವ ಪಬ್ ಇದೆ. ಬ್ರಿಗೇಟ್ ಬೀದಿಯ ಬಟ್ಟೆ ಅಂಗಡಿಗಳ ನಡುವೆ ಒಂದು ಸಂದಿ, ಗೊತ್ತಿಲ್ಲದವರು ದಾಟಿಕೊಂಡೇ ಹೋಗುತ್ತಾರೆ. 1715ರಿಂದ ಅಲ್ಲಿದೆ. ಒಳಗೆ ಹೆಂಚಿನ ಬಿಲ್ಲೆ ಹಾಕಿದ ಉದ್ದನೆ ಕೌಂಟರ್, ಹಿತ್ತಾಳೆ, ಹಳೆಯ ಕನ್ನಡಿ. ಆಮೇಲೆ ಒಂದು ದಿನ ರಜೆ ಹಾಕಿ ಮ್ಯಾಂಚೆಸ್ಟರ್ ಕಡೆಯ ರೈಲು ಹತ್ತಿ. ಡ್ಯೂಸ್‌ಬರಿ, ಹಡರ್ಸ್‌ಫೀಲ್ಡ್, ಸ್ಟೇಲಿಬ್ರಿಜ್ ಮೂರೂ ಸ್ಟೇಷನ್ನುಗಳಲ್ಲೇ ಒಳ್ಳೆಯ ಪಬ್ ಇವೆ. ಸ್ಟೇಲಿಬ್ರಿಜ್‌ನದು ಪ್ಲಾಟ್‌ಫಾರ್ಮಿನ ಮೇಲೆ, ಬೆಂಕಿಗೂಡಿನ ಪಕ್ಕ ಕೂತರೆ ರೈಲು ತಪ್ಪಿದ್ದೂ ಬೇಸರ ಆಗುವುದಿಲ್ಲ. ಶನಿವಾರ ಮಾತ್ರ ಬೇಡ, ಮದುವೆಗೆ ಮುಂಚಿನ ಪಾರ್ಟಿಗೆ ಹೊರಟ ಹುಡುಗರ ಗುಂಪುಗಳು ಕಿರುಚಾಡುತ್ತಾ ಸ್ಟೇಷನ್ನಿಂದ ಸ್ಟೇಷನ್ನಿಗೆ ಇಳಿಯುತ್ತಿರುತ್ತವೆ. ಕಾರಂತೂ ಬೇಡವೇ ಬೇಡ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಲೈಸೆನ್ಸ್ ಜೊತೆ ವೀಸಾಕ್ಕೂ ಕುತ್ತು.

ಮೀನಿನ ವಿಷಯ ನೀವು ಊಟಕ್ಕೆ ಕೇಳಿದಿರಿ, ಅದು ಬಿಯರಿಗೂ ಸೇರುತ್ತದೆ. ಗಸಿ ಬೇಗ ತಳ ಸೇರಲಿ ಅಂತ ಹೆಚ್ಚಿನ ಕ್ಯಾಸ್ಕ್ ಏಲ್‌ಗಳಿಗೆ ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಗಾಳಿಚೀಲ ಒಣಗಿಸಿ ಮಾಡಿದ್ದು. ಬಹುಪಾಲು ಗಸಿಯ ಜೊತೆ ತಳದಲ್ಲೇ ಉಳಿಯುತ್ತದೆ, ಆದರೂ ಹಾಕಿದ್ದು ಹಾಕಿದ್ದೇ ಅಲ್ವಾ. ವೀಗನ್, ಅಂದರೆ ಪ್ರಾಣಿಗಳಿಂದ ಬಂದದ್ದು ಏನೂ ಹಾಕದ್ದು, ಯಾವುದಿದೆ ಅಂತ ಕೇಳಿ. ಈಗ ಯಾರೂ ಹುಬ್ಬೇರಿಸುವುದಿಲ್ಲ. ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್ ಮೊದಲು ಐಸಿಂಗ್ಲಾಸ್ ಬಳಸುತ್ತಿತ್ತು, ಈಗ ಬಿಟ್ಟಿದೆ. ಕುರುಕಲು ತಿಂಡಿಯಲ್ಲಿ ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅಂತ ಇರುತ್ತದೆ, ಹಂದಿಯ ಚರ್ಮ ಹುರಿದದ್ದು. ಯಾರ್ಕ್‌ಷೈರಲ್ಲಿ ಚಿಪ್ಸ್ (ಇಲ್ಲಿ ಹಾಗಂದರೆ ಬಿಸಿಯಾಗಿ ಕರಿದ ಆಲೂಗಡ್ಡೆ ತುಂಡು) ಅನ್ನು ದನದ ಕೊಬ್ಬಿನಲ್ಲಿ ಕರಿಯುವುದೂ ಉಂಟು, ಕೇಳಿಯೇ ತಿನ್ನಿ. ನಮ್ಮ ಆಲೂ ಚಿಪ್ಸಿಗೆ ಇಲ್ಲಿ ಕ್ರಿಸ್ಪ್ಸ್ ಅನ್ನುತ್ತಾರೆ, ಅದರ ಪ್ಯಾಕೆಟ್ ತಂದರೆ ಬಾಯಿ ಬಿಚ್ಚಿ ಕೈಯಲ್ಲಿ ಹಿಡಿದು ಒಬ್ಬರೇ ತಿನ್ನಬೇಡಿ. ಹಿಂಭಾಗದ ಹೊಲಿಗೆ ಪೂರ್ತಿ ಸೀಳಿ, ಒಳಗಿನ ಬೆಳ್ಳಿ ಬಣ್ಣ ಮೇಲೆ ಬರುವ ಹಾಗೆ ಮೇಜಿನ ನಡುವೆ ಅಗಲಿಸಿ ಇಡಿ. ಆಫೀಸಿನವರ ಕಣ್ಣಲ್ಲಿ ಅವತ್ತೇ ನೀವು ಹಳಬರಾಗುತ್ತೀರಿ.

ಕುಡಿಯದಿದ್ದರೂ ಪರವಾಗಿಲ್ಲ. ನನ್ನ ಹೆಂಡತಿ ಇಷ್ಟು ವರ್ಷದಿಂದ ನಿಂಬೆ ಸಿರಪ್ ಹಾಕಿದ ಸೋಡಾದಲ್ಲೇ ನಡೆಸಿದ್ದಾಳೆ. ಕಷ್ಟ ಇರುವುದು ರೌಂಡ್ಸ್‌ನಲ್ಲಿ. ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸಬೇಕು. ಆರು ಜನ ಇದ್ದರೆ ಆರು ಪೈಂಟ್ ತಲೆಗೆ, ಜೇಬಿಗೂ ಪೆಟ್ಟು. ಉಪಾಯ ಒಂದೇ: ಮೊದಲ ರೌಂಡ್ ನೀವೇ ಕೊಡಿಸಿ, ನಿಮ್ಮದನ್ನು ಅರ್ಧ ಪೈಂಟ್ ಹೇಳಿ, ಅದು ಮುಗಿದ ಮೇಲೆ ಎದ್ದು ಬನ್ನಿ. ಇನ್ನೊಬ್ಬರದ್ದು ಕುಡಿದು ತನ್ನ ಸರದಿ ಬರುವ ಮುಂಚೆ ಜಾಗ ಖಾಲಿ ಮಾಡುವವನನ್ನು ಇಂಗ್ಲಿಷರು ಜನ್ಮದಲ್ಲಿ ಮರೆಯುವುದಿಲ್ಲ. ಮೇಜಿನ ಹತ್ತಿರ ಯಾರೂ ಬಂದು ಕೇಳುವುದಿಲ್ಲ, ಕೌಂಟರಿಗೆ ನೀವೇ ಹೋಗಬೇಕು. ಅಲ್ಲಿ ಕ್ಯೂ ಕಾಣುವುದಿಲ್ಲ, ಆದರೆ ಯಾರ ನಂತರ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ನೋಟು ಆಡಿಸಿ ಕರೆದರೆ ಕೆಲಸ ಕೆಟ್ಟಿತು.

ಕಂದುಬಣ್ಣದವರು ಒಬ್ಬರೇ ಹೋದರೆ ಹೇಗೆ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಸಾಲುಗಳ ಮಧ್ಯೆ ಅದು ಇತ್ತು. ಒಂದು ಕಾಲದಲ್ಲಿ ಕೆಟ್ಟದಾಗಿಯೇ ಇತ್ತು. ಬರ್ಮಿಂಗ್‌ಹ್ಯಾಂ ಪಕ್ಕದ ಸ್ಮೆಥ್‌ವಿಕ್‌ನಲ್ಲಿ ಭಾರತೀಯರನ್ನು, ಕರಿಯರನ್ನು ಪಬ್ಬುಗಳ ಕೆಲವು ಕೋಣೆಗಳಿಗೆ ಬಿಡುತ್ತಲೇ ಇರಲಿಲ್ಲ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಂ ಎಕ್ಸ್ ಆ ಊರಿಗೆ ಬಂದು ಇದನ್ನು ಕಣ್ಣಾರೆ ಕಂಡು ಹೋದ. ಅದೇ ವರ್ಷ ಬಂದ ಕಾನೂನು ಸಾರ್ವಜನಿಕ ಜಾಗಗಳಲ್ಲಿ ಈ ಭೇದವನ್ನು ನಿಷೇಧಿಸಿತು. ಈಗ ಅದೇ ಸ್ಮೆಥ್‌ವಿಕ್, ವೆಸ್ಟ್ ಬ್ರೋಮಿಚ್ ಸುತ್ತ ಪಂಜಾಬಿಗಳೇ ನಡೆಸುವ ದೇಸಿ ಪಬ್ಬುಗಳಿವೆ. ಕಾದ ಕಬ್ಬಿಣದ ತಟ್ಟೆಯಲ್ಲಿ ತಂದೂರಿ ಹೊಗೆಯಾಡುತ್ತಾ ಬರುತ್ತದೆ, ಬಿಳಿಯರು ಅದಕ್ಕೆ ಕಾದು ನಿಂತಿರುತ್ತಾರೆ. ಪನೀರ್ ಕೂಡ ಸಿಗುತ್ತದೆ, ಆ ಕಡೆ ಹೋದರೆ ಬಿಡಬೇಡಿ. ಇಲ್ಲಿ ಲೀಡ್ಸ್‌ನಲ್ಲಿ ನನ್ನ ಅಳತೆ ಇಷ್ಟೆ: ಅರ್ಧ ಪೈಂಟ್ ಇಟ್ಟುಕೊಂಡು ಒಂದು ಗಂಟೆ ಪೇಪರ್ ಓದುತ್ತಾ ಕೂತರೂ ಯಾರೂ ದುರುಗುಟ್ಟಿ ನೋಡಬಾರದು, ಯಾರೂ ಬಲವಂತವಾಗಿ ಮಾತಿಗೆ ಎಳೆಯಲೂ ಬಾರದು. ಫುಟ್‌ಬಾಲ್ ಮ್ಯಾಚ್ ಇರುವ ದಿನ, ದೊಡ್ಡ ಟೀವಿ ಇರುವ ಕಡೆ ಈ ಪರೀಕ್ಷೆಗೆ ಹೋಗಬೇಡಿ.

ಮನೆಯವರನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಭಾನುವಾರ ಮಧ್ಯಾಹ್ನ ಒಳ್ಳೆಯದು. ಮಕ್ಕಳು, ನಾಯಿಗಳು, ಅಜ್ಜ ಅಜ್ಜಿ ಎಲ್ಲ ಬಂದಿರುತ್ತಾರೆ, ಸಂಡೇ ರೋಸ್ಟ್ ಊಟಕ್ಕೆ, ಅಂದರೆ ಹುರಿದ ಮಾಂಸ, ಆಲೂಗಡ್ಡೆ, ತರಕಾರಿ. ಸಸ್ಯಾಹಾರಿ ರೋಸ್ಟೂ ಸಾಮಾನ್ಯವಾಗಿ ಇರುತ್ತದೆ, ಆದರೆ ಜೊತೆಗೆ ಇಡುವ ಯಾರ್ಕ್‌ಷೈರ್ ಪುಡ್ಡಿಂಗ್‌ಗೆ ಮೊಟ್ಟೆ ಬೀಳುತ್ತದೆ, ಗ್ರೇವಿ ಮಾಂಸದ್ದಾಗಿರಬಹುದು. ಎರಡನ್ನೂ ಬುಕ್ ಮಾಡುವಾಗಲೇ ಕೇಳಿ. ಕೆಲವು ಕಡೆ ಸಸ್ಯಾಹಾರಿ ತಟ್ಟೆ ನಾಲ್ಕೈದೇ ಮಾಡಿರುತ್ತಾರೆ, ಎರಡು ಗಂಟೆಗೆ ಹೋದರೆ ಉಳಿದಿರುವುದಿಲ್ಲ.