ಎರಡು ಗ್ರಾಂ ಬಾವಲಿಗೆ ಮೃಗಾಲಯ ಬೇಕೇ?

ಓದುಗರೊಬ್ಬರು ಬರೆದಿದ್ದಾರೆ: “ಥಾಯ್ಲೆಂಡಿನ ಹಂದಿಮೂತಿ ಬಾವಲಿಯ ಗುಹೆಗಳಿಗೆ ಅಷ್ಟೊಂದು ಕಾಟ ಇದ್ದರೆ, ಕೆಲವು ಜೋಡಿ ಹಿಡಿದು ಮೃಗಾಲಯದಲ್ಲಿ ಸಾಕಬಾರದೇ? ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಅದನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದಾರಂತೆ. ಮತ್ತೆ ಚಿಂತೆ ಯಾಕೆ?”

ಸಾಕುವ ವಿಚಾರಕ್ಕೆ ನನ್ನ ಉತ್ತರ: ಬೇಡ. ಈ ಬಾವಲಿಯ ಉದ್ದ ಸುಮಾರು 3 ಸೆಂ.ಮೀ., ತೂಕ 2 ಗ್ರಾಂ. ಸಂಜೆ ಅರ್ಧ ಗಂಟೆ, ಬೆಳಗಿನ ಜಾವ 20 ನಿಮಿಷ ಹೊರಗೆ ಬಂದು ಹುಳ ಹಿಡಿಯುತ್ತದೆ, ಅಷ್ಟೇ. ಅದೂ ಗುಹೆಯಿಂದ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ. ಉಳಿದ ಹೊತ್ತೆಲ್ಲ ಸುಣ್ಣಕಲ್ಲಿನ ಗುಹೆಯೊಳಗೆ, ಎತ್ತರದ ಚಾವಣಿಯಲ್ಲಿ ನೇತಾಡುತ್ತಿರುತ್ತದೆ. ವರ್ಷಕ್ಕೆ ಒಂದೇ ಮರಿ. ಆ ಗುಹೆಯ ಬಿಸಿ, ತೇವ, ಹಾರುವ ಹುಳ ಎಲ್ಲವನ್ನೂ ಪಂಜರದಲ್ಲಿ ಹೊಂದಿಸುವುದು ಸುಲಭವಲ್ಲ. ಹೊಂದಿಸಿದರೂ, ಗುಡ್ಡವೇ ಹೋದ ಮೇಲೆ ವಾಪಸ್ ಎಲ್ಲಿ ಬಿಡುತ್ತೀರಿ?

ಹಿಡಿಯುವ ಕೆಲಸ ಸಾಕಷ್ಟು ಆಗಿಹೋಗಿದೆ ಬಿಡಿ. ಥಾಯ್ ಪ್ರಾಣಿವಿಜ್ಞಾನಿ ಕಿಟ್ಟಿ ಥೊಂಗ್‌ಲೊಂಗ್ಯಾ ಇದನ್ನು ಮೊದಲು ಕಂಡದ್ದು 1973ರಲ್ಲಿ, ಥಾಯ್ಲೆಂಡಿನ ಕಾಂಚನಬುರಿ ಪ್ರಾಂತ್ಯದ ಸಾಯ್ ಯೋಕ್‌ನಲ್ಲಿ. ಮರುವರ್ಷವೇ ಅವರು ತೀರಿಕೊಂಡರು. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ಸ್ ಹಿಲ್ ಅದಕ್ಕೆ ಅವರದೇ ಹೆಸರಿಟ್ಟರು. ಸುದ್ದಿ ಹಬ್ಬಿದ್ದೇ ತಡ, ಸಂಗ್ರಹಾಲಯದವರು ಬಂದರು, ಪ್ರವಾಸಿಗಳು ಬಂದರು. ನೆನಪಿನ ಕಾಣಿಕೆ ಅಂತ ಬಾವಲಿಗಳನ್ನೇ ಮಾರಿದರು. ಸದ್ಯ, ಸುಲಭಕ್ಕೆ ಹೋಗಲಾಗದ ಗುಹೆಗಳು ಜಾಸ್ತಿ ಇದ್ದವು.

ಪಟ್ಟಿಯ ಮಾತು ನಿಜ. 2001ರಲ್ಲಿ ಮ್ಯಾನ್ಮಾರಿನಲ್ಲೂ ಇವು ಸಿಕ್ಕವು. ಆದರೆ ಹೊಸ ಗುಹೆ ಪತ್ತೆಯಾಯಿತು ಅಂದರೆ ಬಾವಲಿ ಹೆಚ್ಚಾಯಿತು ಅಂತಲ್ಲ, ಅಲ್ವಾ? ಒಂದು ಗುಹೆಯಲ್ಲಿ ಸರಾಸರಿ ನೂರರಷ್ಟು ಇರುತ್ತವೆ. ಕೆಲವು ಕಡೆ ಹತ್ತೇ.

ನನ್ನನ್ನು ಹೆಚ್ಚು ಕಾಡುವುದು ಬೆಂಕಿ ಮತ್ತು ಕಲ್ಲುಗಣಿ. ಪ್ರತಿವರ್ಷ ಕಾಡಿಗೆ ಬೆಂಕಿ ಹಚ್ಚುವುದು ಸರಿಯಾಗಿ ಇವು ಮರಿ ಹಾಕುವ ಕಾಲದಲ್ಲೇ, ಏಪ್ರಿಲ್ ಹೊತ್ತಿಗೆ. ಆಗ ಗುಹೆಯ ಸುತ್ತಲಿನ ಹುಳ-ಹುಪ್ಪಟೆಗೂ ಕುತ್ತು. ಇಷ್ಟು ಕಡಿಮೆ ದೂರ ಹಾರುವ ಪ್ರಾಣಿ ಊಟಕ್ಕೆ ಇನ್ನೆಲ್ಲಿ ಹೋಗಬೇಕು? ಧ್ಯಾನಕ್ಕೆ ಗುಹೆ ಸೇರುವ ಭಿಕ್ಷುಗಳನ್ನೂ ಕೆಲವರು ದೂರುತ್ತಾರೆ. ನನಗೆ ಅದು ಮಾತಾಡಿ ಬಗೆಹರಿಸಬಹುದಾದ ವಿಷಯ ಅನ್ನಿಸುತ್ತದೆ. ಸಿಮೆಂಟಿಗಾಗಿ ಒಡೆದ ಗುಡ್ಡ ಮಾತ್ರ ಮತ್ತೆ ಹುಟ್ಟುವುದಿಲ್ಲ. ಸಾಯ್ ಯೋಕ್ ರಾಷ್ಟ್ರೀಯ ಉದ್ಯಾನ ಕೆಲವು ಗುಹೆಗಳನ್ನು ಕಾಯುತ್ತಿದೆ. ಅದರ ಗಡಿಯ ಆಚೆಗಿರುವ ಗುಹೆಗಳಿಗೂ, ಸುತ್ತಲಿನ ಮರಗಳಿಗೂ ಅದೇ ಕಾವಲು ಬೇಕು. ಮೃಗಾಲಯಕ್ಕೆ ಸುರಿಯುವ ದುಡ್ಡನ್ನು ಅಲ್ಲಿಗೆ ಹಾಕಲಿ.

ಕಾಂಚನಬುರಿಗೆ ಹೋಗುವ ಯೋಚನೆ ನಿಮಗಿದ್ದರೆ ಖಂಡಿತ ಹೋಗಿ. ಬಾವಲಿ ತೋರಿಸುತ್ತೇನೆ ಅಂತ ಯಾರಾದರೂ ಟಾರ್ಚ್ ಹಿಡಿದು ಗುಹೆಗೆ ಕರೆದರೆ ಮಾತ್ರ ಒಪ್ಪಬೇಡಿ.

— ಸಂಪಾದಕ