ನೈಟ್ ಹಾಲ್ಟ್ ಬಸ್ಸಿನ ಸಿನಿಮಾ

ಪ್ರಶ್ನೆ: ನಾನು 33 ವರ್ಷ ಬಸ್ ಕಂಡಕ್ಟರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಸಕಲೇಶಪುರ, ಹೆತ್ತೂರು ಕಡೆಯ ನೈಟ್ ಹಾಲ್ಟ್ ಬಸ್ಸಿನಲ್ಲೇ ಎಷ್ಟೋ ರಾತ್ರಿ ಕಳೆದಿದ್ದೇನೆ. ಅದರ ಮೇಲೊಂದು ಸಿನಿಮಾ ಮಾಡುವ ಆಸೆ. ಬೆಂಗಳೂರಿನ ಒಬ್ಬರು 8 ಲಕ್ಷ ಕೊಟ್ಟರೆ ಎಲ್ಲಾ ಮಾಡಿಕೊಡ್ತೀನಿ, ಡೈರೆಕ್ಟರ್ ಅಂತ ನಿಮ್ಮ ಹೆಸರೇ ಹಾಕ್ತೀನಿ ಅನ್ನುತ್ತಾರೆ. ಮಗ ಬೇಡವೇ ಬೇಡ ಅನ್ನುತ್ತಾನೆ. ಈ ವಯಸ್ಸಿಗೆ ಕಲಿಯೋಕಾಗುತ್ತಾ ಸಾರ್? ಕ್ಯಾಮೆರಾ ಯಾವುದು ತಗೊಳ್ಳಲಿ?
– ಓದುಗರು, ಹಾಸನ

ಉತ್ತರ: ದುಡ್ಡಿನ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದೇ ಸರಿ. ಆ 8 ಲಕ್ಷ ಕೊಡಬೇಡಿ. ಅವರು ಪ್ರಾಮಾಣಿಕರೇ ಇರಬಹುದು. ಆದರೂ ಯಾರೋ ಬರೆದು, ಯಾರೋ ಶೂಟ್ ಮಾಡಿ, ಕೊನೆಗೆ ನಿಮ್ಮ ಹೆಸರು ಅಂಟಿಸಿದರೆ ಆ ಬಸ್ಸಿನ ಬಗ್ಗೆ ನಿಮಗೆ ಗೊತ್ತಿರುವುದೆಲ್ಲ ನಿಮ್ಮ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ.

ಸಿನಿಮಾ ಮಾತ್ರ ಮಾಡಿ. ನಾನು ಮೊದಲ ಸಲ ಕ್ಯಾಮೆರಾ ಹಿಡಿದಾಗ ನನಗೆ 54. ವಯಸ್ಸಾದವರಿಗೆ ಜನ ಬೇಗ ಬಾಗಿಲು ತೆಗೆಯುತ್ತಾರೆ ಅಂತ ಆಗ ಗೊತ್ತಾಯಿತು. 25ರ ಹುಡುಗ ಹೆತ್ತೂರಿನ ಒಂದು ಮನೆಗೆ ಹೋಗಿ ಕ್ಯಾಮೆರಾ ಇಟ್ಟರೆ ಎಲ್ಲರೂ ಬಟ್ಟೆ ಬದಲಾಯಿಸಿಕೊಂಡು ಬಂದು ನೆಟ್ಟಗೆ ಕೂರುತ್ತಾರೆ. ನೀವು ಹೋದರೆ "ಕಂಡಕ್ಟರ್ ಬಂದ್ರು, ಕಾಫಿ ಇಡು" ಅನ್ನುತ್ತಾರೆ, ಅಲ್ವಾ? ಅವರು ಹಾಗೆ ಸುಮ್ನೆ ತಮ್ಮ ಪಾಡಿಗೆ ಇರುವುದನ್ನೇ ನೀವು ಹಿಡಿಯಬೇಕು.

ಎರಡು ಗಂಟೆಯ ಸಿನಿಮಾ ಬೇಡ. ಹತ್ತು ನಿಮಿಷ ಸಾಕು, ಒಂದೇ ರಾತ್ರಿಯ ಕಥೆ. ಕೊನೇ ಬಸ್ಸು ಬಂದು ನಿಲ್ಲುತ್ತದೆ, ಇಳಿದವರ ಟಾರ್ಚುಗಳು ಒಂದೊಂದಾಗಿ ತೋಟದೊಳಗೆ ಮರೆಯಾಗುತ್ತವೆ, ಡ್ರೈವರು ಕಂಡಕ್ಟರು ಇಬ್ಬರೇ ಉಳಿಯುತ್ತಾರೆ, ಯಾರದೋ ಮನೆಯಿಂದ ಊಟ ಬರುತ್ತದೆ, ಬೆಳಗಿನ ಚಳಿಯಲ್ಲಿ ಮೊದಲು ಹತ್ತುವವರು ಕಾಲೇಜಿನ ಹುಡುಗಿಯರು. ಇದು ನನ್ನ ಊಹೆ, ನಿಜವಾಗಿ ಏನಾಗುತ್ತಿತ್ತು ಅನ್ನುವುದು ನಿಮಗೇ ಗೊತ್ತು. ಇವತ್ತೇ ಕೂತು ಅದನ್ನು ಬರೆಯಿರಿ. ಬಸ್ಸಿನೊಳಗೆ ಶೂಟಿಂಗ್ ಮಾಡಲು ಸಾರಿಗೆ ನಿಗಮದ ಅನುಮತಿ ಬೇಕು, ಕೇಳಿ ನೋಡಿ. ಸಿಗದಿದ್ದರೆ ಬಸ್ಸನ್ನು ತೋರಿಸಲೇಬೇಡಿ. ತಿರುವಿನಲ್ಲಿ ಗೇರ್ ಬದಲಾಯಿಸುವ ಶಬ್ದ, ತೋಟದ ಸಿಲ್ವರ್ ಓಕ್ ಮರಗಳ ಮೇಲೆ ಹಾದುಹೋಗುವ ಹೆಡ್‌ಲೈಟಿನ ಬೆಳಕು ಇದ್ದರೆ ಬಸ್ಸು ಬಂತು ಅಂತ ಎಲ್ಲರಿಗೂ ತಿಳಿಯುತ್ತದೆ.

ನಟರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಡಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ ಸಿನಿಮಾದಲ್ಲಿ ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ.

ಮೊಬೈಲಿನ ಕ್ಯಾಮೆರಾ ಸಾಕು. ಸೆಕೆಂಡಿಗೆ 25 ಫ್ರೇಮ್ (ಅಂದರೆ 25 ಚಿತ್ರ), ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್ ಆಗಿರುವುದರಿಂದ ಹೀಗಿಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವುದಿಲ್ಲ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಮಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ. ಕೋರ್ಸು ಆಮೇಲೆ ನೋಡೋಣ.

ದುಡ್ಡು ಹಾಕುವುದಾದರೆ ಒಂದು ಒಳ್ಳೆಯ ಮೈಕಿಗೆ ಹಾಕಿ. ಇದನ್ನು ಜಾಸ್ತಿ ಒತ್ತಿ ಹೇಳುತ್ತೇನೆ, ಏಕೆಂದರೆ ನಾನೇ ಅನುಭವಿಸಿದ್ದೇನೆ. ಒಂದು ಜೂನ್‌ನಲ್ಲಿ ಕೊಪ್ಪದ ಹತ್ತಿರ ಶೀಟಿನ ಮನೆಯೊಂದರಲ್ಲಿ ಮೂರು ದಿನ ಶೂಟ್ ಮಾಡಿದೆ. ಚಿತ್ರ ಚೆನ್ನಾಗಿ ಬಂದಿತ್ತು, ಮಾತು ಒಂದೂ ಕೇಳಲಿಲ್ಲ, ಬರೀ ಮಳೆ. ನವೆಂಬರ್‌ನಲ್ಲಿ ಮತ್ತೆ ಹೋದರೆ ಮುಖ್ಯ ಪಾತ್ರದ ಹುಡುಗಿ ಹಾಸ್ಟೆಲ್ ಸೇರಿಬಿಟ್ಟಿದ್ದಳು. ಆ ಸಿನಿಮಾ ಅಲ್ಲಿಗೇ ನಿಂತಿತು, ಈಗಲೂ ನೆನೆದರೆ ಬೇಜಾರಾಗುತ್ತದೆ. ಮಳೆ ನಿಂತ ಮೇಲೆ ಶುರು ಮಾಡಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಅಲ್ಲಿನ ಶಬ್ದವನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಸಂಜೆಯ ಜೀರುಂಡೆ ಒಂದು ಶಾಟಿನಲ್ಲಿದ್ದು ಮುಂದಿನ ಶಾಟಿನಲ್ಲಿ ಇಲ್ಲದಿದ್ದರೆ ಕಿವಿಗೆ ಹೊಡೆಯುತ್ತದೆ. ಆಗ ಈ ಒಂದು ನಿಮಿಷದ ಶಬ್ದವನ್ನು ಎರಡೂ ಶಾಟುಗಳ ಕೆಳಗೆ ಹಾಸಿ ಆ ವ್ಯತ್ಯಾಸವನ್ನು ಮುಚ್ಚಬಹುದು.

ಮುಗಿದ ಮೇಲೆ ಮೊದಲು ಹೆತ್ತೂರಿನಲ್ಲೇ ತೋರಿಸಿ.

ಪ್ರಶ್ನೆ: ನನಗೆ 47. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಹೂವಿನ ಕಾಲದಲ್ಲಿ ನಡೆಯುವ ಒಂದು ಕಿರುಚಿತ್ರದ ಕಥೆ ಬರೆದಿದ್ದೇನೆ. ಹಣ ಕೂಡಿಸಿಕೊಂಡು ಎರಡು ವರ್ಷ ಬಿಟ್ಟು ಮಾಡಲಾ?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಕಥೆ ಕಾಯಲಿ, ಹೂವನ್ನು ಮಾತ್ರ ಮುಂದಿನ ಹೂಮಳೆ (ಕಾಫಿ ಹೂವು ಅರಳಿಸುವ ಮಳೆ) ಬಿದ್ದಾಗಲೇ ಶೂಟ್ ಮಾಡಿಟ್ಟುಕೊಳ್ಳಿ. 1952ರಲ್ಲಿ ಜಾಹೀರಾತು ಕಂಪನಿಯ ಕೆಲಸದಲ್ಲಿದ್ದ ಸತ್ಯಜಿತ್ ರಾಯ್ ರಜಾ ದಿನಗಳಲ್ಲಿ ತಮ್ಮ ಮೊದಲ ಸಿನಿಮಾ ಶುರು ಮಾಡಿದರು. ಕಾಶ ಅನ್ನುವ ಎತ್ತರದ ಹುಲ್ಲಿನ ಬಿಳಿ ಹೂವಿನ ಬಯಲಿನಲ್ಲಿ ಒಂದು ದಿನ ಶೂಟ್ ಮಾಡಿ ಮುಂದಿನ ವಾರ ಹೋದರೆ ದನಗಳು ಹೂವೆಲ್ಲ ಮೇದಿದ್ದವು. ಮತ್ತೆ ಹೂವು ಬರುವವರೆಗೆ ಅವರು ಕಾಯಬೇಕಾಯಿತು. ನಿಮ್ಮ ತೋಟದಲ್ಲೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿದ ಹೂವು ಮೂರ್ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ರೋಬಸ್ಟಾ ಕಾಫಿಗೆ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹೊಡೆಯುವವರಾದರೆ ಇನ್ನೂ ಸುಲಭ. ನೀರು ಬಿಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂಬತ್ತನೇ ದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಮೊಬೈಲ್ ಹಿಡಿದು ತೋಟಕ್ಕೆ ಇಳಿಯಿರಿ.