ಬಿಲ್ಲೆಯ ಅಂಚು ನೋಡಿದ್ದೀರಾ?

ಪ್ರಶ್ನೆ: ನಮ್ಮದು ಬೈಲಹೊಂಗಲ ತಾಲೂಕು. ನಮ್ಮ ಮುತ್ಯಾನ ಅಪ್ಪ ಬ್ರಿಟಿಷರ ಪಲ್ಟನ್ ಸೇರಿ ಈಗಿನ ಇರಾಕಿನ ಬಸ್ರಾಕ್ಕೆ ಹೋದವರು ತಿರುಗಿ ಬರಲೇ ಇಲ್ಲ. ಉಳಿದಿರುವುದು ಟ್ರಂಕಿನಲ್ಲಿರುವ ಒಂದು ಬೆಳ್ಳಿ ಬಿಲ್ಲೆ ಮಾತ್ರ. ಅವರಿಗೆ ಏನಾಯಿತು ಅಂತ ಎಲ್ಲಿ ಹುಡುಕಲಿ?

ಉತ್ತರ: ಎಲ್ಲಿಗೂ ಹೋಗಬೇಡಿ, ಮೊದಲು ಆ ಬಿಲ್ಲೆ ಕೈಗೆ ತಗೊಳ್ಳಿ. ಒಂದು ಕಡೆ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಸವಾರ, 1914, 1918 ಅಂತ ಇದ್ದರೆ ಅದು ಮೊದಲ ಮಹಾಯುದ್ಧದ ಪದಕ. ಈಗ ಅದರ ಅಂಚು ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸಿಪಾಯಿ ನಂಬರು, ಹುದ್ದೆ, ಹೆಸರು, ಪಲ್ಟನ್ ಇರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆದು ಹೋಗುತ್ತದೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಅಲ್ಲಿ 103, 110 ಅಥವಾ 117ನೇ ಮರಾಠಾ ಅಂತ ಇದ್ದರೆ, ಆ ಮೂರೂ ಪಲ್ಟನ್‌ಗಳು ಇರಾಕಿನ ಕೂಟ್ ಊರಿಗೆ ತುರ್ಕರು ಹಾಕಿದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಅನ್ನವಿಲ್ಲದೆ ಕೂತು, ಕೊನೆಗೆ ತುರ್ಕರಿಗೆ ಸೆರೆಯಾದರು. ಸೆರೆಯಲ್ಲೇ ತೀರಿಕೊಂಡವರು ಬಹಳ ಜನ.

ನಂಬರು ಸಿಕ್ಕ ಮೇಲೆ, ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಿ, ದುಡ್ಡೇನೂ ಇಲ್ಲ. ಗೋರಿ ಸಿಗದ 40,500ಕ್ಕೂ ಜಾಸ್ತಿ ಮಂದಿಯ ನೆನಪಿಗೆ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು, ಆದರೆ ನಮ್ಮ ಸಾಮಾನ್ಯ ಸಿಪಾಯಿಗಳ ಹೆಸರನ್ನು ಕಲ್ಲಿನ ಮೇಲೆ ಕೆತ್ತಲಿಲ್ಲ, ಪಲ್ಟನ್‌ವಾರು ಇಷ್ಟು ಜನ ಅಂತ ಲೆಕ್ಕ ಬರೆದರು ಅಷ್ಟೇ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ವೆಬ್‌ಸೈಟಿನಲ್ಲಿ ಹೆಸರು ಸಿಗುತ್ತದೆ, ಎಷ್ಟೋ ಕಡೆ ತಂದೆಯ ಹೆಸರು, ಊರು, ತಾಲೂಕು ಸಮೇತ.

ಇಲ್ಲೇ ಜನ ಎಡವುವುದು. ಬೈಲಹೊಂಗಲ ತಾಲೂಕು ಅಂತ ಹುಡುಕಬೇಡಿ, ಆಗ ಅದು ಸಂಪಗಾವಿ ತಾಲೂಕು. ಸವದತ್ತಿಯವರಾದರೆ ಪರಸಗಡ ಅಂತ ನೋಡಬೇಕು. ಯಲ್ಲಪ್ಪ ಅನ್ನುವ ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು ಅಲ್ವಾ? ಅದಕ್ಕೇ ಹೆಸರಿಗಿಂತ ನಂಬರು ನಂಬಿ.

ಊರಿನ ಹಳೇ ಉತಾರ (ಜಮೀನಿನ ದಾಖಲೆ) ಮೋಡಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡು ಲಿಪಿಯಲ್ಲಿದ್ದರೆ ಹೆದರಬೇಡಿ, ಓದುವ ಹಿರಿಯರು ಬೆಳಗಾವಿಯಲ್ಲಿ ಇನ್ನೂ ಸಿಗುತ್ತಾರೆ. ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆತನದ ವಂಶಾವಳಿ ಹೇಳುವ ಹೆಳವ ಬಂದರೆ ಸುಮ್ನೆ ಕಾಳು ಕೊಟ್ಟು ಕಳಿಸಬೇಡಿ. ಕಟ್ಟೆಯ ಮೇಲೆ ಕೂರಿಸಿ, ವಂಶಾವಳಿ ಪೂರ್ತಿ ಹೇಳಿಸಿ, ರೆಕಾರ್ಡ್ ಮಾಡಿಕೊಳ್ಳಿ. ಇಸವಿ ತಪ್ಪಿದರೂ ಹೆಸರು ತಪ್ಪುವುದು ಕಡಿಮೆ. ಬಸ್ರಾಕ್ಕೆ ಹೋದವರ ಅಣ್ಣತಮ್ಮಂದಿರು ಯಾರು ಅಂತ ಮರೆಯದೆ ಕೇಳಿ.